ಅಲ್ಲಿ ಕಿನ್ನರಿ, ಇಲ್ಲಿ ದೊಂಬರಾಟ

ಮೊನ್ನೆ ನಮ್ಮ ಆಫೀಸಿನ ವಾಟ್ಸ್ಯಾಪ್ ಗ್ರೂಪಿಗೆ ಒಬ್ಬರು ವಿಡಿಯೋ ಹಾಕಿದ್ರು. ಮಗನನ್ನು ನೋಡೋಕೆ ಅಮೆರಿಕಾಕ್ಕೆ ಹೋದವರು, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ರಾತ್ರಿ ಪಟಾಕಿ ಷೋ ಹಿಡಿದಿದ್ದಾರೆ. ಕೋಟೆ ಮೇಲೆ ಬಣ್ಣ ಸಿಡೀತಾ ಇದೆ, ನಡುವೆ ರೆಕ್ಕೆ ಕಟ್ಟಿಕೊಂಡ ಹುಡುಗಿ ಹಾರ್ತಾಳೆ. ಕೆಳಗೆ ಒಕ್ಕಣೆ: 'ಇದಪ್ಪಾ ಕಲೆ ಅಂದ್ರೆ!' ಅದೇ ಮನುಷ್ಯ ಹಿಂದಿನ ವಾರ ವಿಧಾನಸಭೆ ಗಲಾಟೆಯ ಕ್ಲಿಪ್ ಹಾಕಿ ಬರೆದದ್ದು: 'ಥೂ, ದೊಂಬರಾಟ.'

ಎರಡನ್ನೂ ಒಟ್ಟಿಗೆ ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಆ ಹಾರುವ ಹುಡುಗಿ ಯಾರು ಗೊತ್ತೇನ್ರೀ? ನಾನು ಪಾಸ್‌ಪೋರ್ಟ್ ಕೂಡ ಮಾಡಿಸಿದವನಲ್ಲ, ಓದಿ ತಿಳಿದದ್ದು ಹೇಳ್ತೀನಿ. ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರಲ್ಲಿ. ಸಂಜೆಯಾದ್ರೆ ಜನ ಮನೆಗೆ ಹೊರಡ್ತಾರಲ್ಲ, ಅವರನ್ನು ರಾತ್ರಿವರೆಗೂ ನಿಲ್ಲಿಸಿಕೊಳ್ಳೋಕೆ 1958ರಲ್ಲಿ 'ಫ್ಯಾಂಟಸಿ ಇನ್ ದ ಸ್ಕೈ' ಅನ್ನೋ ಪಟಾಕಿ ಷೋ ತಂದರು. ಕನಸು ಗಿನಸು ಆಮೇಲೆ, ಮೊದಲು ಗಲ್ಲಾಪೆಟ್ಟಿಗೆ. ಇರಲಿ, ವ್ಯಾಪಾರಿ ವ್ಯಾಪಾರ ಮಾಡಿದ.

1961ರಲ್ಲಿ ಆ ಷೋಗೆ ಪೀಟರ್ ಪ್ಯಾನ್ ಸಿನಿಮಾದ ಕಿನ್ನರಿ ಟಿಂಕರ್ ಬೆಲ್ ಬಂದಳು. ಆ ವೇಷ ಹಾಕಿದವಳು ಟೈನಿ ಕ್ಲೈನ್. ವಯಸ್ಸು ಆಗಲೇ 70! ಹಂಗೇರಿಯಿಂದ ಹೊಟ್ಟೆಪಾಡಿಗೆ ಬಂದ ಸರ್ಕಸ್ಸಿನ ಹೆಂಗಸು, ಹಲ್ಲಲ್ಲಿ ಕಚ್ಚಿ ನೇತಾಡಿಕೊಂಡು ತಂತಿ ಮೇಲಿಂದ ಜಾರುವುದರಲ್ಲಿ ಹೆಸರು ಮಾಡಿದವಳು. ಮ್ಯಾಟರ್‌ಹಾರ್ನ್ ಅನ್ನೋ ಕೃತಕ ಬೆಟ್ಟದ ತುದಿಯಿಂದ, ಕತ್ತಲಲ್ಲಿ, ಒಂದು ತಂತಿಗೆ ಜೋತುಬಿದ್ದು ಆ ಮುದುಕಿ ಜನರ ತಲೆ ಮೇಲೆ ಹಾರಿದಳು. 1964ರಲ್ಲಿ ತೀರಿಕೊಂಡಳು. ಈಗ ಅಲ್ಲಿ ಎಷ್ಟೋ ಬದಲಾಗಿದೆ. 2004ರಲ್ಲಿ ಹೊಗೆ, ಸದ್ದು ಕಡಿಮೆ ಮಾಡೋಕೆ ಪಟಾಕಿಯನ್ನು ಗಾಳಿಯ ಒತ್ತಡದಿಂದ ಚಿಮ್ಮಿಸುವ ವಿಧಾನ ತಂದರು. ಆದರೂ ಜನ ಕತ್ತು ಎತ್ತಿ ಕಾಯೋದು ಆ ಹುಡುಗಿಗೇ.

ಹಗ್ಗ, ಎತ್ತರ, ತೂಕ ತಪ್ಪದ ಮೈ, ಹಸಿದ ಹೊಟ್ಟೆ. ಇದು ದೊಂಬರಾಟ ಅಲ್ಲದೆ ಇನ್ನೇನು ಸ್ವಾಮಿ?

ನಮ್ಮೂರ ಸಂತೆಯಲ್ಲಿ ಎರಡು ಕಡೆ ಬಿದಿರು ಗಳ ಕಟ್ಟಿ, ಹಗ್ಗ ಬಿಗಿದು, ಏಳೆಂಟು ವರ್ಷದ ಮಗು ಕೈಯಲ್ಲಿ ಕೋಲು ಹಿಡಿದು ನಡೀತಿತ್ತು. ಕೆಳಗೆ ಅವರಪ್ಪ ಡೋಲು ಬಡಿಯೋನು, ಕಣ್ಣು ಮಾತ್ರ ಮೇಲೆ, ಬಿದ್ರೆ ಹಿಡಿಯೋಕೆ. ಅಂಗಡಿಯವರು ಕಾಸು ದೂರದಿಂದ ಎಸೆಯೋರು, ಅವರಮ್ಮ ಮಣ್ಣಲ್ಲಿ ಹುಡುಕಿ ಹೆಕ್ಕೋಳು. ನಾನೂ ಚಪ್ಪಾಳೆ ಹೊಡೆದಿದ್ದೀನಿ. ನಾಚಿಕೆ ಬಿಟ್ಟು ಹೇಳ್ತೀನಿ, ಈ ಪದವನ್ನ ಬೈಗುಳವಾಗಿ ನಾನೂ ಬಳಸಿದ್ದೀನಿ. ನಮ್ಮ ಕೇರಿಯಲ್ಲಿ ಇವತ್ತಿಗೂ ಬಳಸ್ತಾರೆ.

ದೊಂಬರು ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವ ಸಮುದಾಯ. ಅವರ ವಿದ್ಯೆಯ ಹೆಸರು ಟಿವಿಯವರಿಗೆ ಹೆಡ್‌ಲೈನ್, ಶಾಸಕರಿಗೆ ಬೈಗುಳ.

ಅಮೆರಿಕಾವನ್ನ ಹೊಗಳ್ತಿದ್ದೀನಿ ಅಂದ್ಕೋಬೇಡಿ. ಅದೇ ಪಾರ್ಕಿನಲ್ಲಿ 1955ರಿಂದಲೇ 'ಆಂಟ್ ಜೆಮೈಮಾ' ಹೆಸರಿನ ಹೋಟೆಲಿತ್ತು. ಅಲ್ಲಿ ಕಪ್ಪು ಹೆಂಗಸೊಬ್ಬಳು ಗುಲಾಮಗಿರಿ ಕಾಲದ ಅಡುಗೆಯವಳ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡು, ಬಂದವರಿಗೆಲ್ಲ ನಗಬೇಕಿತ್ತು. ಬಿಳಿ ಮುದುಕಿಗೆ ಆಕಾಶ, ಕಪ್ಪು ಹೆಂಗಸಿಗೆ ಅಡುಗೆಮನೆ. ಯಾರು ಕಿನ್ನರಿ ಆಗಬಹುದು ಅನ್ನೋದು ಅಲ್ಲೂ ಹುಟ್ಟಿನಲ್ಲೇ ತೀರ್ಮಾನ ಆಗ್ತಿತ್ತು.

ಇಷ್ಟನ್ನೂ ಗ್ರೂಪಿನಲ್ಲಿ ಬರೆದೆ. ಒಬ್ಬರು, 'ಅದು ಬರೀ ಮಾತಿಗೆ ಅಂದದ್ದು, ಎಲ್ಲದಕ್ಕೂ ಜಾತಿ ತರಬೇಡಿ' ಅಂದ್ರು. ತಂದೋನು ನಾನಾ? ಪದದೊಳಗೇ ಜಾತಿ ಕೂತಿದೆಯಲ್ಲ ಸಾರ್! ಉತ್ತರ ಇಲ್ಲ. ಸಂಜೆ ಹೊತ್ತಿಗೆ ಎರಡು ಗುಡ್ ಈವ್ನಿಂಗ್ ಹೂವಿನ ಫೋಟೋ ಬಂದು ನನ್ನ ಮೆಸೇಜ್ ಮೇಲಕ್ಕೆ ಹೋಯ್ತು.

ಇನ್ನೊಂದು ಸಲ ಯಾರಾದ್ರೂ ಆ ಪದ ಹಾಕಿದ್ರೆ, ಟೈನಿ ಕ್ಲೈನ್ ಕಥೆಯನ್ನ ಮತ್ತೆ ಮೊದಲಿಂದ ಅಲ್ಲೇ ಬರೀತೀನಿ. ಗ್ರೂಪಿಂದ ತೆಗೆದ್ರೆ ತೆಗೀಲಿ.

ಜೈಭೀಮ್.