ಅನ್‌ಲಿಮಿಟೆಡ್ ಅನ್ನ, ಅನ್‌ಲಿಮಿಟೆಡ್ ಪೆಗ್ಗು

ಮುಂಬೈ ಬಂದರಿನಿಂದ ಗೋವಾಕ್ಕೆ ಹೋಗಿ ಬರುವ ಎರಡು ರಾತ್ರಿಯ ಕ್ರೂಸ್ ಈಗ ಡೊಂಬಿವಲಿ, ಮುಲುಂಡ್, ಮೀರಾ ರೋಡ್‌ಗಳ ಸಂಬಳದ ಕುಟುಂಬಗಳೂ ಯೋಚಿಸಬಹುದಾದ ಸಂಗತಿ. ಅಪ್ಪನ ಅರವತ್ತು, ಅಣ್ಣ ಅತ್ತಿಗೆಯ ಮದುವೆಗೆ ಇಪ್ಪತ್ತೈದು, ಮಗಳ ಹನ್ನೆರಡನೇ ತರಗತಿ ಮುಗಿದದ್ದು, ಏನಾದರೊಂದು ನೆಪ ಸಿಕ್ಕರೆ ಸಾಕು, ಮೂರು ತಲೆಮಾರಿನ ಹತ್ತು ಹನ್ನೆರಡು ಮಂದಿ ಒಟ್ಟಿಗೆ ಹೊರಡುತ್ತಾರೆ. ಕ್ಯಾಬಿನ್ನಿಗೆ ಕಿಟಕಿ ಬೇಕೇ, ಬಾಲ್ಕನಿ ಬೇಕೇ ಎಂಬ ಚರ್ಚೆ ವಾಟ್ಸ್‌ಆಪ್ ಗುಂಪಿನಲ್ಲಿ ವಾರಗಟ್ಟಲೆ ನಡೆಯುತ್ತದೆ. ಊಟದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. “ಊಟ ಸೇರಿದೆ” ಎಂದು ಬರೆದಿದೆಯಲ್ಲ. ಕುಡಿಯುವುದರ ಬಗ್ಗೆ ಮಾತೇ ಏಳುವುದಿಲ್ಲ, ಏಕೆಂದರೆ ಗುಂಪಿನಲ್ಲಿ ಅತ್ತೆಯೂ ಇದ್ದಾರೆ. ಹೀಗಾಗಿ ಜೇಬಿಗೂ ಮೈಗೂ ತಟ್ಟುವ ನಿರ್ಧಾರ ಹಡಗು ಹತ್ತಿದ ಮೇಲೆ, ಕೌಂಟರಿನ ಮುಂದೆ, ಹಿಂದೆ ಸಾಲು ನಿಂತಿರುವಾಗ, ಐದು ನಿಮಿಷದಲ್ಲಿ ಆಗಿಹೋಗುತ್ತದೆ.

“ಊಟ ಸೇರಿದೆ” ಎಂಬುದು ಸುಳ್ಳಲ್ಲ. ಬಫೆ ಇರುತ್ತದೆ, ಕುಳಿತು ಉಣ್ಣುವ ದೊಡ್ಡ ಊಟದ ಸಾಲೆಯೂ ಇರುತ್ತದೆ, ಎರಡೂ ಟಿಕೆಟ್ಟಿನಲ್ಲಿ ಬಂದವು. ಇವುಗಳ ಪಕ್ಕದಲ್ಲೇ ದೀಪ ಮಂದವಾಗಿಟ್ಟ ಒಂದೆರಡು ವಿಶೇಷ ರೆಸ್ಟೋರೆಂಟುಗಳಿರುತ್ತವೆ, ಅವಕ್ಕೆ ಬೇರೆ ದುಡ್ಡು. ಮದ್ಯಕ್ಕಂತೂ ಬೇರೆಯೇ. ಹಡಗಿನಲ್ಲಿ ನೋಟು ಕೈಗೆ ಬರುವುದಿಲ್ಲ. ಕ್ಯಾಬಿನ್ನಿನ ಬಾಗಿಲು ತೆರೆಯುವ ಕಾರ್ಡನ್ನೇ ಬಾರಿನಲ್ಲೂ ತೋರಿಸಬೇಕು, ಲೆಕ್ಕ ಕೊನೆಯ ದಿನಕ್ಕೆ. ಖರ್ಚು ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದು ಈ ವ್ಯಾಪಾರದ ಅರ್ಧ ಬುದ್ಧಿವಂತಿಕೆ. ಜಗತ್ತಿನ ದೊಡ್ಡ ಕ್ರೂಸ್ ಕಂಪನಿಗಳ ವಾರ್ಷಿಕ ವರದಿ ತೆರೆದರೆ ಇದು ಕಾಣುತ್ತದೆ: ಅವುಗಳ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಟಿಕೆಟ್ಟಿನದ್ದಲ್ಲ. ಬಾರು, ಕ್ಯಾಸಿನೊ, ಸ್ಪಾ, ಅಂಗಡಿ, ದಡದ ಪ್ರವಾಸ ಇವುಗಳದ್ದು.

2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಓಡಾಟ ಆರಂಭಿಸಿದ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ರಾಯಲ್ ಕೆರಿಬಿಯನ್ ಕಂಪನಿಗಾಗಿ ಕಡಲಿಗೆ ಬಂದ ಹಡಗು. ಅದಕ್ಕೂ ಮೊದಲು, 2019ರಲ್ಲಿ, ಜಲೇಶ್ ಕಂಪನಿಯ ‘ಕರ್ಣಿಕಾ’ ಇಲ್ಲಿಂದಲೇ ಹೊರಟಿತ್ತು. ಕೊರೊನಾ ಬಂದು, ಆ ಹಡಗು ಅಲಂಗ್‌ನ ದಡದಲ್ಲಿ ಗುಜರಿಯಾಯಿತು. ಹಡಗು ಹಳೆಯದಾದರೂ ಇಲ್ಲಿನ ಪ್ರಯಾಣಿಕರಿಗೆ ಕ್ರೂಸ್ ಹೊಸದು, ಅದರ ಲೆಕ್ಕ ಇನ್ನೂ ಹೊಸದು.

ಹಾಗೆಂದು ಹಡಗಿನಲ್ಲಿ ಏನು ಉಣ್ಣಬೇಕು, ಏನು ಕುಡಿಯಬೇಕು ಎಂಬ ಪೇಚು ಈ ಊರಿಗೆ ಹೊಸದಲ್ಲ. 1888ರ ಸೆಪ್ಟೆಂಬರ್ 4ರಂದು ಬೊಂಬಾಯಿಯಿಂದ ಹೊರಟ ‘ಕ್ಲೈಡ್’ ಹಡಗಿನಲ್ಲಿ ಮೋಹನದಾಸ ಗಾಂಧಿ ಇದ್ದರು, ಹತ್ತೊಂಬತ್ತು ತುಂಬಲು ಇನ್ನೂ ತಿಂಗಳು ಬಾಕಿ. ಹೊರಡುವ ಮೊದಲು ಇದೇ ಊರಿನಲ್ಲಿ ಸೇರಿದ ಜಾತಿಯ ಸಭೆ ಅವರನ್ನು ಹೊರಗಿಟ್ಟಿತ್ತು. ಅಲ್ಲಿ ಹೋದರೆ ಬಿಳಿಯರ ಜೊತೆ ಉಣ್ಣಬೇಕು, ಕುಡಿಯಬೇಕಾಗುತ್ತದೆ ಎಂಬುದು ಮುಖಂಡರ ವಾದ. ಬೀಳ್ಕೊಡಲು ಧಕ್ಕೆಗೆ ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದು ಸಾರಿದ್ದರು. ಮದ್ಯ ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಹತ್ತಿದ ಹುಡುಗನಿಗೆ ಹಡಗಿನಲ್ಲಿ ಎದುರಾದ ತೊಡಕು ಮಾತ್ರ ಬೇರೆಯೇ. ಚಾಕು ಮುಳ್ಳುಚಮಚ ಹಿಡಿಯಲು ಬಾರದು, ಯಾವ ಪದಾರ್ಥದಲ್ಲಿ ಮಾಂಸವಿಲ್ಲ ಎಂದು ಕೇಳಲು ಸಂಕೋಚ. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನೇ ಹೆಚ್ಚಾಗಿ ಕ್ಯಾಬಿನ್ನಿನಲ್ಲಿ ಕುಳಿತು ತಿಂದದ್ದಾಗಿ ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಚಾಕು ಮುಳ್ಳುಚಮಚದ ಭಯ ಹೋಗಿದೆ. ಕೇಳುವ ಸಂಕೋಚ ಹೋಗಿಲ್ಲ. “ಇದಕ್ಕೆ ಎಷ್ಟು?” ಎಂದು ಕೇಳುವುದು ಹಡಗಿನ ಆ ಥಳಥಳಿಸುವ ಕೌಂಟರಿನ ಮುಂದೆ ಬಡತನದ ಗುರುತಿನಂತೆ ಕಾಣುತ್ತದೆ, ಅದರಲ್ಲೂ ಅಳಿಯ ಪಕ್ಕದಲ್ಲಿದ್ದಾಗ. ಗಾಂಧಿ ಕಾಲದ ಸಂಕೋಚದಲ್ಲಿ ಹೊಟ್ಟೆ ಖಾಲಿಯಾಗುತ್ತಿತ್ತು, ಈಗಿನದರಲ್ಲಿ ಜೇಬು.

ಮುಂಬೈಯ ಕನ್ನಡಿಗರು ಈ ವಿಷಯದಲ್ಲಿ ಯಾರಿಂದಲೂ ಪಾಠ ಕಲಿಯಬೇಕಿಲ್ಲ. ಕರಾವಳಿಯಿಂದ ಈ ಊರಿಗೆ ಬಂದ ಹಳೆಯ ತಲೆಮಾರಿನ ಎಷ್ಟೋ ಮಂದಿ ಬಂದದ್ದೇ ಉಗಿಹಡಗಿನಲ್ಲಿ, ಡೆಕ್ಕಿನ ಮೇಲೆ ಚಾಪೆ ಹಾಸಿ, ಬುತ್ತಿ ಬಿಚ್ಚಿ. ಬಂದವರು ಇಲ್ಲಿ ಕಟ್ಟಿದ್ದು ಊಟದ ವ್ಯಾಪಾರವನ್ನು. ಮಾಟುಂಗಾ ರೈಲು ನಿಲ್ದಾಣದ ಎದುರು ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ಗೆ ಇಂದಿಗೂ ಜನ ಸಾಲುಗಟ್ಟುತ್ತಾರೆ. ಅಲ್ಲಿಯೂ ಪ್ಯಾಕೇಜು ಇದೆ: ಮಿತಿಯ ತಟ್ಟೆ ಒಂದು, ಎಷ್ಟು ಬೇಕಾದರೂ ಬಡಿಸುವ ಊಟ ಇನ್ನೊಂದು. ಅಂದರೆ “ಅನ್‌ಲಿಮಿಟೆಡ್” ಎಂಬ ಪದವನ್ನು ಈ ಊರಿನ ಕೆಲಸಗಾರನಿಗೆ, ಗುಮಾಸ್ತನಿಗೆ, ಬ್ಯಾಚುಲರಿಗೆ ಪರಿಚಯ ಮಾಡಿಸಿದವರಲ್ಲಿ ಉಡುಪಿ ಹೋಟೆಲಿನವರೂ ಇದ್ದಾರೆ.

ಆದ್ದರಿಂದ ಒಟ್ಟು ಮೊತ್ತ ಕೊಟ್ಟು ಬೇಕಾದಷ್ಟು ಪಡೆಯುವುದೇ ಕೆಟ್ಟದ್ದು ಎಂದು ವಾದಿಸಿದರೆ ಅದು ಮಾಟುಂಗಾಕ್ಕೆ ಮಾಡುವ ದ್ರೋಹವಾದೀತು. ವ್ಯತ್ಯಾಸ ಹೊಟ್ಟೆಯಲ್ಲಿದೆ. ಅನ್ನ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಮೂರನೇ ಸಲ ಅನ್ನ ಬಡಿಸಲು ಬಂದವನಿಗೆ ಕೈ ಅಡ್ಡ ಹಿಡಿಯದವರು ಕಡಿಮೆ, ಸಾರು ಎಷ್ಟೇ ಚೆನ್ನಾಗಿರಲಿ. ಮದ್ಯ ಹಾಗಲ್ಲ. ಸಾಕು ಎನ್ನಬೇಕಾದ ಬುದ್ಧಿಯನ್ನೇ ಅದು ಮೊದಲು ಸಡಿಲಿಸುತ್ತದೆ. ಎರಡನೇ ಪೆಗ್ಗಿನ ನಂತರ ಮೂರನೆಯದು ಬೇಕೇ ಎಂದು ತೀರ್ಮಾನಿಸುವವನು ಎರಡು ಪೆಗ್ಗು ಹಾಕಿದವನು. ಅವನ ಕೈಗೆ “ಆಗಲೇ ದುಡ್ಡು ಕಟ್ಟಿದ್ದೀಯಲ್ಲ” ಎಂಬ ಕಾರಣವನ್ನೂ ಕೊಟ್ಟರೆ ಉಳಿಯುವುದೇನು? ಅನ್ನಕ್ಕೆ ಒಪ್ಪುವ ಅನ್‌ಲಿಮಿಟೆಡ್ ಮದ್ಯಕ್ಕೆ ಒಪ್ಪುವುದಿಲ್ಲ. ಹಡಗಿನ ಮದ್ಯದ ಪ್ಯಾಕೇಜನ್ನು ಬೇಡ ಎನ್ನಲು ಇದೊಂದೇ ಕಾರಣ ಸಾಕು. ಇದು ಪಾನವಿರೋಧದ ಮಾತಲ್ಲ. ಕಡಲು ನೋಡುತ್ತಾ ಒಂದು ಬಿಯರು ಕುಡಿಯುವವನಿಗೆ ಅದರ ಬೆಲೆಯನ್ನು ಬಿಡಿಯಾಗಿ ಕೊಡುವ ಅವಕಾಶವಿದೆ, ಅಷ್ಟೇ.

ದುಡ್ಡಿನ ಲೆಕ್ಕವೂ ಇದನ್ನೇ ಹೇಳುತ್ತದೆ. ದರ ಹಡಗಿನಿಂದ ಹಡಗಿಗೆ, ಸೀಸನ್ನಿನಿಂದ ಸೀಸನ್ನಿಗೆ ಬೇರೆಯಾದರೂ ಮಾತಿಗೆ ಪ್ಯಾಕೇಜು ದಿನಕ್ಕೆ ತಲೆಗೆ 3000 ರೂಪಾಯಿ, ಬಿಡಿಯಾಗಿ ಒಂದು ಪೆಗ್ಗು 500 ಎಂದಿಟ್ಟುಕೊಳ್ಳೋಣ. ಅಸಲು ಹುಟ್ಟಲು ದಿನಕ್ಕೆ 6, ಎರಡು ದಿನಕ್ಕೆ 12. ಆದರೆ ಎರಡು ರಾತ್ರಿಯ ಪ್ರವಾಸದಲ್ಲಿ ಎರಡು ಪೂರ್ತಿ ದಿನಗಳೆಲ್ಲಿವೆ? ಮೊದಲ ದಿನ ಹಡಗು ಹೊರಡುವಾಗಲೇ ಸಂಜೆ. ಎರಡನೇ ದಿನದ ಬಹುಪಾಲು ಗೋವಾದ ದಡದಲ್ಲಿ, ಅಲ್ಲಿ ಮದ್ಯ ಮುಂಬೈಗಿಂತ ಅಗ್ಗ. ಮೂರನೇ ದಿನ ಬೆಳಿಗ್ಗೆ ಇಳಿಯಬೇಕು. ಉಳಿಯುವುದು ಎರಡು ಸಂಜೆ, ಸಂಜೆಗೆ ಆರು ಪೆಗ್ಗು. ವಾರಕ್ಕೊಮ್ಮೆ ಎರಡು ಹಾಕುವ ಐವತ್ತೆಂಟರ ಬ್ಯಾಂಕ್ ನೌಕರ, ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವನು, ಕಟ್ಟಿದ ದುಡ್ಡಿಗೆ ನಷ್ಟವಾಗಬಾರದೆಂದು ಇದನ್ನು ಮುಟ್ಟಲು ಹೊರಡುತ್ತಾನೆ. ಹಾಗೆ ಹೊರಟಾಗ ಮದ್ಯವನ್ನು ಸವಿಯುತ್ತಿಲ್ಲ, ವಸೂಲಿ ಮಾಡುತ್ತಿದ್ದಾನೆ.

ಈ ವಸೂಲಿ ಬುದ್ಧಿಯನ್ನು ಸಂಶೋಧಕರೂ ಅಳೆದು ನೋಡಿದ್ದಾರೆ. ಹ್ಯಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಟಕಗಳ ಸೀಸನ್ ಟಿಕೆಟ್ಟನ್ನು ಪೂರ್ತಿ ಬೆಲೆಗೆ ಕೊಂಡವರು, ಅದೇ ಟಿಕೆಟ್ಟನ್ನು ರಿಯಾಯಿತಿಯಲ್ಲಿ ಪಡೆದವರಿಗಿಂತ ಸೀಸನ್ನಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ನಾಟಕ ಎರಡು ಹೆಚ್ಚು ನೋಡಿದರೆ ಯಾರ ಯಕೃತ್ತಿಗೂ ತೊಂದರೆಯಿಲ್ಲ.

ಇನ್ನೊಂದು ನಿಯಮವಂತೂ ಕುಟುಂಬಗಳಿಗೆ ನೇರ ಪೆಟ್ಟು. ರಾಯಲ್ ಕೆರಿಬಿಯನ್, ಕಾರ್ನಿವಲ್ ಮುಂತಾದ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಒಂದು ಕ್ಯಾಬಿನ್ನಿನ ಒಬ್ಬ ವಯಸ್ಕ ಮದ್ಯದ ಪ್ಯಾಕೇಜು ಕೊಂಡರೆ, ಅದೇ ಕ್ಯಾಬಿನ್ನಿನ ಉಳಿದ ವಯಸ್ಕರೂ ಕೊಳ್ಳಬೇಕೆಂಬ ರೂಢಿಯಿದೆ. ಒಂದು ಪ್ಯಾಕೇಜಿನಲ್ಲಿ ಇಬ್ಬರು ಕುಡಿಯಬಾರದೆಂಬುದು ಕಂಪನಿಯ ಸಬೂಬು. ಕಾರ್ನಿವಲ್‌ನ ಪ್ಯಾಕೇಜಿಗೆ 24 ಗಂಟೆಗೆ 15 ಮದ್ಯ ಎಂಬ ಮಿತಿಯೂ ಇದೆ. ಹದಿನೈದನ್ನು ಮಿತಿ ಎಂದು ಕರೆಯುವ ಧೈರ್ಯ ಮೆಚ್ಚಬೇಕು. ಸಿಂಗಪುರಕ್ಕೋ ಮಯಾಮಿಗೋ ಹೋಗಿ ಮಗನ ಜೊತೆ ಕ್ರೂಸ್ ಹತ್ತುವ ಅಪ್ಪ ಅಮ್ಮಂದಿರು ಇದನ್ನು ಮೊದಲೇ ಕೇಳಿ ತಿಳಿಯಬೇಕು. ಒಂದು ತೊಟ್ಟೂ ಮುಟ್ಟದ ಹೆಂಡತಿಯ ಹೆಸರಿನಲ್ಲಿ ಗಂಡನಷ್ಟೇ ಬಿಲ್ಲು ಬಂದರೆ, ಆಮೇಲೆ ಅವಳೂ ದುಡ್ಡು ದಂಡವಾಗಬಾರದೆಂದು ಬಣ್ಣಬಣ್ಣದ ಮಾಕ್‌ಟೇಲ್ ಸಕ್ಕರೆಯನ್ನು ಎರಡು ದಿನ ಕುಡಿಯುತ್ತಾ ಕೂರುತ್ತಾಳೆ.

ಮುಂಬೈಯ ಬಾರುಗಳನ್ನು ನಡೆಸಿದವರಲ್ಲಿ ತುಳುನಾಡಿನ ಶೆಟ್ಟರ ಪಾಲು ದೊಡ್ಡದು. 1949ರ ಬಾಂಬೆ ಪಾನನಿಷೇಧ ಕಾಯ್ದೆಯ ಮಗುವಾದ ‘ಪರ್ಮಿಟ್ ರೂಮ್’ ಎಂಬ ಹೆಸರು ಇಂದಿಗೂ ಎಷ್ಟೋ ಬೋರ್ಡುಗಳ ಮೇಲಿದೆ. ಕುಡಿಯಲು ಪರವಾನಗಿ ಬೇಕೆಂಬ ನಿಯಮ ಮಹಾರಾಷ್ಟ್ರದ ಕಾನೂನಿನಲ್ಲಿ ಈಗಲೂ ಇದೆ, ಬಿಯರಿಗೆ 21, ಉಳಿದ ಕಟು ಮದ್ಯಕ್ಕೆ 25 ವರ್ಷ ತುಂಬಿರಬೇಕೆಂಬುದೂ ಇದೆ. ಲಾಭವೆಲ್ಲ ಮದ್ಯದಲ್ಲೇ ಇರುವ ಈ ಪರ್ಮಿಟ್ ರೂಮುಗಳಲ್ಲಿ ಲೆಕ್ಕ ಮಾತ್ರ 30 ಮಿಲಿ, 60 ಮಿಲಿ, ಕ್ವಾರ್ಟರು ಎಂದು ಬಿಡಿಬಿಡಿ. ಗಿರಾಕಿಗೆ ಎಷ್ಟಾಯಿತೆಂದು ಅವನ ಮೇಜಿಗೆ, ವೇಟರಿಗೆ, ಗಲ್ಲಾದಲ್ಲಿ ಕುಳಿತ ಯಜಮಾನರಿಗೆ ಗೊತ್ತಿರುತ್ತದೆ. “ಇನ್ನು ಮನೆಗೆ ಹೋಗಿ ಅಣ್ಣಾ” ಎನ್ನಲು ಒಂದು ಆಧಾರವಿರುತ್ತದೆ. ಪಂಚತಾರಾ ಹೋಟೆಲುಗಳ ಭಾನುವಾರದ ಬ್ರಂಚಿನಲ್ಲಿ ಬೇಕಾದಷ್ಟು ಸುರಿಯುವ ಪದ್ಧತಿ ಇದೆ, ನಿಜ. ಆದರೆ ಅಲ್ಲಿ ಬ್ರಂಚು ಮುಗಿದ ಮೇಲೆ ಬಾಗಿಲು ಇದೆ, ಬಾಗಿಲಾಚೆ ಟ್ಯಾಕ್ಸಿ ಇದೆ. ಹಡಗಿನಲ್ಲಿ ಬಾಗಿಲಾಚೆ ಇನ್ನೊಂದು ಬಾರು.

ರಜೆಗೆ ಹೋದಾಗಲೂ ಲೆಕ್ಕವೇ, ಒಮ್ಮೆ ಕಟ್ಟಿ ನಿಶ್ಚಿಂತೆಯಾಗಿ ಇರಬಾರದೇ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಪ್ರತಿ ಗ್ಲಾಸಿಗೂ ಬೆಲೆ ನೋಡುತ್ತಾ ಕುಳಿತರೆ ಕಡಲು ಕಾಣುವುದಿಲ್ಲ. ಹಾಗಾದರೆ ಅದಕ್ಕೂ ಹಳೆಯ ಉಪಾಯವಿದೆ. ಜಾತ್ರೆಗೆ ಹೊರಟ ಮಕ್ಕಳ ಕೈಗೆ ಕೊಡುವಂತೆ, ಇಷ್ಟು ಎಂದು ಮನೆಯಲ್ಲೇ ಎತ್ತಿಟ್ಟುಕೊಂಡು ಹೊರಡುವುದು. ಅದು ಮುಗಿಯುವವರೆಗೆ ನಿಶ್ಚಿಂತೆ. ಉಳಿದರೆ ಅದು ಮನೆಗೇ ಬರುತ್ತದೆ. ಪ್ಯಾಕೇಜಿನಲ್ಲಿ ಉಳಿದ ಪೆಗ್ಗು ಮನೆಗೆ ಬರುವುದಿಲ್ಲ.

ಊಟದ ವಿಷಯಕ್ಕೆ ಬಂದರೆ ಹಡಗಿನ ಮೇಲೆ ಅಷ್ಟು ಸಿಟ್ಟಿಗೆ ಕಾರಣವಿಲ್ಲ. ಇಲ್ಲಿ ಜನ ಮಾಡುವ ತಪ್ಪು ಬೇರೆ: ಎದುರಿಗೆ ಕಂಡ ಬಫೆಗೇ ನುಗ್ಗುವುದು. ಎಪ್ಪತ್ತೈದರ ಅಜ್ಜಿ ಓಲಾಡುವ ಹಡಗಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕಾದ ಅಗತ್ಯವಿಲ್ಲ. ಕುಳಿತು ಉಣ್ಣುವ ಸಾಲೆಗೂ ಅದೇ ಟಿಕೆಟ್ಟಿನಲ್ಲಿ ಹಣ ಸಂದಿದೆ. ಅಲ್ಲಿ ಬಿಸಿಯಾಗಿ ತಂದು ಬಡಿಸುತ್ತಾರೆ, ಮೊದಲ ಪಾಳಿಗೆ ಹೆಸರು ಕೊಟ್ಟರೆ ಬೇಗ ಊಟ ಮುಗಿಸಿ ಮಲಗಬಹುದು. ಬೇರೆ ದುಡ್ಡಿನ ವಿಶೇಷ ರೆಸ್ಟೋರೆಂಟು ಎರಡು ರಾತ್ರಿಯ ಪ್ರವಾಸಕ್ಕೆ ಬೇಕಿಲ್ಲ. ಇರುವುದೇ ನಾಲ್ಕೈದು ಊಟ ತಿಂಡಿ, ಅದರಲ್ಲಿ ಒಂದು ಗೋವಾದ ದಡದಲ್ಲಿ ಮೀನೂಟಕ್ಕೋ ಪೂರಿ ಭಾಜಿಗೋ ಹೋಗುವಂಥದು. ನಾಲ್ಕು ರಾತ್ರಿಯ ಲಕ್ಷದ್ವೀಪದ ಪ್ರವಾಸವಾದರೆ ಒಂದು ಸಲ ಹೋದರೆ ಹೋಗಲಿ.

ಸಾರು ಅನ್ನ ಸಿಗುವುದಿಲ್ಲ, ಎಲ್ಲೆಲ್ಲೂ ಪನೀರು ಎಂಬ ಕನ್ನಡಿಗರ ಗೊಣಗಾಟ ಮಾತ್ರ ನ್ಯಾಯವೇ. ಮುಂಬೈ ಹಡಗಿನ ಸಸ್ಯಾಹಾರವನ್ನು ರೂಪಿಸಿದ್ದು ಗುಜರಾತಿ, ಜೈನ ಗಿರಾಕಿಗಳು. ಅವರು ಕೇಳಿದರು, ಕಂಪನಿ ಕೊಟ್ಟಿತು. ಹಾಗೆ ನೋಡಿದರೆ ಇದು ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಮಾಧ್ವರ ಮನೆಯ ಹಿರಿಯರಿಗೂ ಅನುಕೂಲವೇ: ಟಿಕೆಟ್ ಕಾದಿರಿಸುವಾಗಲೇ ಜೈನ ಊಟ ಎಂದು ಬರೆಸಿದರೆ ಎರಡೂ ಇರುವುದಿಲ್ಲ, ಆಲೂಗಡ್ಡೆಯೂ ಇರುವುದಿಲ್ಲ ಎಂಬುದೊಂದೇ ಕೊರತೆ. ಸೂರ್ಯ ಮುಳುಗುವ ಮೊದಲೇ ಉಣ್ಣುವ ಜೈನರ ಪದ್ಧತಿಯಿಂದ ಸಂಜೆ ಬೇಗ ಊಟ ಕೇಳುವುದೂ ಅಲ್ಲಿ ವಿಚಿತ್ರವಾಗಿ ಕಾಣುವುದಿಲ್ಲ. ಮಡಿಯವರಿಗೆ ಹೇಗೂ ಬುತ್ತಿಯೇ ಗತಿ, ಹೊರಗಿನ ತಿಂಡಿ ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಕಂಪನಿಗಳಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಬಾರಿನ ದರಪಟ್ಟಿ, ವಿಶೇಷ ರೆಸ್ಟೋರೆಂಟಿನ ದರ, ತೆರಿಗೆ, ಸೇವಾಶುಲ್ಕ, ಎಲ್ಲವೂ ಟಿಕೆಟ್ ಕೊಳ್ಳುವ ಮೊದಲೇ ಒಂದೇ ಕಡೆ ಕಾಣಬೇಕು. ಉಡುಪಿ ಹೋಟೆಲಿನಲ್ಲಿ ಗಲ್ಲಾದ ಹಿಂದೆ ತೂಗುವ ಬೋರ್ಡಿನಲ್ಲಿ ಇಡ್ಲಿಗೆ ಎಷ್ಟು, ಹೆಚ್ಚುವರಿ ಚಟ್ನಿಗೆ ಎಷ್ಟು ಎಂದು ಬಾಗಿಲಲ್ಲಿ ನಿಂತವನಿಗೇ ಓದಲು ಸಿಗುವುದಿಲ್ಲವೇ, ಹಾಗೆ. ಪ್ಯಾಕೇಜು ಮಾರುವುದಾದರೆ ಒಬ್ಬೊಬ್ಬರಿಗೆ ಮಾರಲಿ, ಕ್ಯಾಬಿನ್ನಿಗೆ ಬೇಡ. ಐದು ಗ್ಲಾಸಿನ ಕೂಪನ್ ಪುಸ್ತಕವನ್ನೂ ಇಡಲಿ, ಉಳಿದ ಕೂಪನ್ನಿಗೆ ದುಡ್ಡು ವಾಪಸು ಕೊಡಲಿ. ಇನ್ನು ನೀರು. ಉಡುಪಿ ಹೋಟೆಲಿನಲ್ಲಿ ಕುಳಿತ ತಕ್ಷಣ, ಆರ್ಡರ್ ಕೊಡುವ ಮೊದಲೇ, ಮೇಜಿಗೆ ಬರುವುದು ನೀರಿನ ಲೋಟ. ಹಡಗಿನಲ್ಲಿ ಬಾಟಲಿಯ ನೀರಿಗೆ ಬೆಲೆ ಇದೆಯೇ, ಪುಕ್ಕಟೆ ನೀರು ಎಲ್ಲಿ ತುಂಬಿಸಿಕೊಳ್ಳಬೇಕು ಎಂಬುದನ್ನು ಹತ್ತಿದ ಕೂಡಲೇ ಕೇಳಿ ಇಟ್ಟುಕೊಂಡು, ಮನೆಯಿಂದ ಖಾಲಿ ಬಾಟಲಿ ಒಯ್ಯುವುದು ಒಳ್ಳೆಯದು.