ಪೆಟ್ಟಿಗೆ ಇದೆ, ಬೀಗದ ಕೈ ಎಲ್ಲಿ?

ಬರೆದವರು ಅಳಿದರೂ ಬರೆಹ ಉಳಿಯುವುದೆಂಬುದು ನಮ್ಮೆಲ್ಲರ ನಂಬಿಕೆ. ಗಣಕಯಂತ್ರದಲ್ಲಿ ಬರೆದಿಟ್ಟುದಕ್ಕೆ ಈ ಮಾತು ಪೂರ್ತಿಯಾಗಿ ಸಲ್ಲದು. ಅಲ್ಲಿ ಬರೆಹ ಉಳಿದಿದ್ದರೂ ಅದನ್ನು ತೆರೆಯುವ ತಂತ್ರಾಂಶ ಅಳಿದುಹೋಗಿರಬಹುದು. ಪೆಟ್ಟಿಗೆ ಮನೆಯಲ್ಲಿಯೇ ಇದ್ದು ಬೀಗದ ಕೈ ಕಳೆದಂತಹ ಸ್ಥಿತಿ ಅದು.

ಇದಕ್ಕೆ ತಕ್ಕ ನಿದರ್ಶನ ವರ್ಡ್‌ಸ್ಟಾರ್. ಸೇಮೂರ್ ರೂಬಿನ್‌ಸ್ಟೈನ್ ಅಮೆರಿಕೆಯಲ್ಲಿ 1978ರಲ್ಲಿ ಸ್ಥಾಪಿಸಿದ ಮೈಕ್ರೊಪ್ರೊ ಸಂಸ್ಥೆಗಾಗಿ ರಾಬ್ ಬಾರ್ನಬಿ ಇದನ್ನು ರಚಿಸಿದರು. 1980ರ ದಶಕದ ಆರಂಭದಲ್ಲಿ ಬೆರಳಚ್ಚಿನ ಕೆಲಸಕ್ಕೆ ಇದಕ್ಕೆ ಸಮನಾದುದು ಇಲ್ಲವೆಂಬ ಖ್ಯಾತಿ ಇತ್ತು. ಶ್ರೀಲಂಕೆಯಲ್ಲಿ ನೆಲೆಸಿದ್ದ ಆರ್ಥರ್ ಕ್ಲಾರ್ಕ್ ಅವರು 1982ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಯೊಂದನ್ನು ಇದರಲ್ಲಿಯೇ ಬರೆದರು. ಮುಂದೆ ವಿಂಡೋಸ್ ಬಂದಿತು. ವರ್ಡ್‌ಸ್ಟಾರ್ ಹಿಂದೆ ಸರಿಯಿತು. ಅದರಲ್ಲಿ ಬರೆದಿಟ್ಟ ಕಾಗದಪತ್ರಗಳು ಮಾತ್ರ ಹಾಗೆಯೇ ಉಳಿದವು.

ಆ ಕಡತವನ್ನು ಇಂದು ಸಾಮಾನ್ಯ ತಂತ್ರಾಂಶದಲ್ಲಿ ತೆರೆದರೆ ಪದಗಳ ಕೊನೆಯ ಅಕ್ಷರಗಳು ವಿಕಾರವಾಗಿ ತೋರುತ್ತವೆ. ಕಾರಣ ಸ್ವಾರಸ್ಯಕರವಾದುದು. ರೋಮನ್ ಲಿಪಿಯ ಅಕ್ಷರಗಳಿಗೂ ಚಿಹ್ನೆಗಳಿಗೂ 128 ಸಂಕೇತಗಳು ಸಾಕು. ಅವು ಏಳು ಬಿಟ್‌ಗಳಲ್ಲಿ ಮುಗಿಯುತ್ತವೆ. ಎಂಟನೆಯದು ಖಾಲಿ ಇರುತ್ತಿತ್ತು. ಸಾಲನ್ನು ಅಂಚಿಗೆ ಸಮನಾಗಿ ಜೋಡಿಸುವಾಗ ಪದ ಎಲ್ಲಿ ಮುಗಿಯಿತೆಂದು ಗುರುತಿಸಲು ವರ್ಡ್‌ಸ್ಟಾರ್ ಆ ಖಾಲಿ ಸ್ಥಾನವನ್ನೇ ಬಳಸಿತು. ಹೀಗೆ ಸಣ್ಣ 'ಎನ್' ಅಕ್ಷರದ ಸಂಖ್ಯೆ 110 ಇದ್ದುದು ಪದದ ಕೊನೆಯಲ್ಲಿ 128 ಕೂಡಿ 238 ಆಯಿತು. ಗುಟ್ಟು ತಿಳಿಯದ ತಂತ್ರಾಂಶ ಅದನ್ನು ಬೇರೊಂದು ಚಿಹ್ನೆಯೆಂದು ಓದುತ್ತದೆ.

ಗುಟ್ಟು ತಿಳಿದ ವೀಕ್ಷಕ ತಂತ್ರಾಂಶವಾದರೋ ಹಾಗೆ ಕೂಡಿಸಿದ್ದನ್ನು ಕಳೆದು ಅಕ್ಷರವನ್ನು ಮೊದಲಿನಂತೆ ಮಾಡುತ್ತದೆ. ದಪ್ಪಕ್ಷರ ಎಲ್ಲಿ, ಅಡಿಗೆರೆ ಎಲ್ಲಿ, ಪುಟ ಎಲ್ಲಿ ಮುರಿಯಬೇಕು ಎಂಬ ಹಳೆಯ ಸೂಚನೆಗಳನ್ನೂ ಅರ್ಥಮಾಡಿಕೊಳ್ಳುತ್ತದೆ. ವೆಬ್ ಬ್ರೌಸರ್‌ನಲ್ಲಿಯೇ ನಡೆಯುವ ಇಂತಹ ವೀಕ್ಷಕಕ್ಕೆ ಹಳೆಯ ಯಂತ್ರವೂ ಬೇಡ, ಬೇರೆ ತಂತ್ರಾಂಶದ ಸ್ಥಾಪನೆಯೂ ಬೇಡ. ಒಂದು ಎಚ್ಚರ ಮಾತ್ರ ಇರಲಿ: ಕಡತ ನಿಮ್ಮ ಯಂತ್ರದಲ್ಲಿಯೇ ಉಳಿಯುವುದೋ, ದೂರದ ಗಣಕಕ್ಕೆ ರವಾನೆಯಾಗುವುದೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಮನೆಯ ಪತ್ರಗಳು, ಆಸ್ತಿಯ ದಾಖಲೆಗಳು ಪರರ ಕೈಸೇರತಕ್ಕವಲ್ಲ.

ಇದು ನಮಗೆ ದೂರದ ಸಂಗತಿಯೂ ಅಲ್ಲ. ಯೂನಿಕೋಡ್‌ನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಬಹುಕಾಲ ಅದು ಬಳಕೆಗೆ ಬರಲಿಲ್ಲ. ಅಲ್ಲಿಯವರೆಗೆ ನಮ್ಮ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಜ್ಜನವರ ಆತ್ಮಕಥೆಯೂ ಮನೆತನದ ವಂಶಾವಳಿಯೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಮಾರ್ಪಡಿಸುವ ಪರಿವರ್ತಕಗಳು ಇಂದು ಉಂಟು.

ಆದಕಾರಣ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ಕಪಾಟಿನ ಮೂಲೆಯಲ್ಲಿ ಫ್ಲಾಪಿಯೋ ಹಳೆಯ ಸಿ.ಡಿ.ಯೋ ಇದ್ದರೆ ಕಸವೆಂದು ಎಸೆಯದಿರಿ. ಮೂಲ ಕಡತವನ್ನು ಮುಟ್ಟದೆ ಮೊದಲು ಅದರ ಪ್ರತಿ ತೆಗೆಯಿರಿ. ಪ್ರತಿಯನ್ನು ಇಂದಿನ ರೂಪಕ್ಕೆ ಮಾರ್ಪಡಿಸಿ, ಸಾಲುಸಾಲಾಗಿ ಓದಿ ತಿದ್ದಿರಿ. ಈ ಕಾರ್ಯದಲ್ಲಿ ಮನೆಯ ಹಿರಿಯರನ್ನು ಜೊತೆಗೆ ಕೂರಿಸಿಕೊಳ್ಳಿರಿ. ಕೆಟ್ಟ ಅಕ್ಷರದ ಹಿಂದಿನ ಹೆಸರು ಅವರ ನೆನಪಿನಲ್ಲಿ ಮಾತ್ರ ಉಳಿದಿರಬಹುದು. ಕೊನೆಗೆ ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿಡಿರಿ. ಕಾಗದವನ್ನು ಓದಲು ಕಣ್ಣೂ ಬೆಳಕೂ ಇದ್ದರೆ ಸಾಕು.

ತಂತ್ರಾಂಶ ಮರಳಿ ದೊರೆಯಬಹುದು. ನೆನಪುಳ್ಳ ಹಿರಿಯರು ಮರಳಿ ದೊರೆಯರು. ಈ ಕೆಲಸವನ್ನು ನಾಳೆಗೆಂದು ತಳ್ಳದಿರೋಣ.