ಹುಟ್ಟುಹಬ್ಬದ ಉದ್ದಿಮೆಗೂ ಒಂದು ಖಾತೆ ಬೇಕು

2025ರ ಜುಲೈ ತಿಂಗಳಿನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ಸಾವಿರಾರು ಮಂದಿ ಸಣ್ಣ ವರ್ತಕರಿಗೆ ನೋಟಿಸು ಜಾರಿ ಮಾಡಿದುದು ಓದುಗರಿಗೆ ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್ ಹಾಗೂ ತರಕಾರಿ ಅಂಗಡಿಗಳ ಸಂಕಷ್ಟವು ಪತ್ರಿಕೆಗಳಲ್ಲಿ ವಿಸ್ತಾರವಾಗಿಯೇ ಪ್ರಕಟವಾಯಿತು. ಆದರೆ ಎಲೆಕ್ಟ್ರಾನಿಕ್ ಸಿಟಿಯ ನನ್ನ ಕಛೇರಿಗೆ ಅಂತಹ ನೋಟಿಸನ್ನು ಹಿಡಿದು ಮೊದಲು ಬಂದವರು ಅಂಗಡಿಕಾರರಲ್ಲ. ಹೆಬ್ಬಗೋಡಿಯಲ್ಲಿ ವಾಸಿಸುವ, ಮೂವತ್ತರ ಆಸುಪಾಸಿನ ಯುವಕರೊಬ್ಬರು. "ಸಾರ್, ನಾನು ಬಲೂನು ಕಟ್ಟೋನು. ನನಗೆ ಅಂಗಡೀನೇ ಇಲ್ಲ. ನನಗ್ಯಾಕೆ ಸಾರ್ ಜಿಎಸ್‌ಟಿ ನೋಟಿಸು?" ಎಂಬುದು ಅವರ ಮೊದಲ ಪ್ರಶ್ನೆ.

ಅವರ ವೃತ್ತಿ ಮಕ್ಕಳ ಮತ್ತು ದೊಡ್ಡವರ ಹುಟ್ಟುಹಬ್ಬದ ಸಮಾರಂಭಗಳನ್ನು ಏರ್ಪಡಿಸಿಕೊಡುವುದು. ಒಂದು ವರ್ಷದಲ್ಲಿ ಅವರ ಖಾತೆಗೆ ಬಂದುದು ಸುಮಾರು 31 ಲಕ್ಷ ರೂಪಾಯಿ. ಅದರಲ್ಲಿ ಅಡಿಗೆಯವರಿಗೆ, ಹಾಲ್‌ನವರಿಗೆ, ಕೇಕ್ ತಯಾರಿಸುವವರಿಗೆ, ಜಾದೂಗಾರರಿಗೆ ಹಾಗೂ ಛಾಯಾಗ್ರಾಹಕರಿಗೆ ಸಂದಾಯವಾದುದು 22 ಲಕ್ಷ. ಉಳಿದ 9 ಲಕ್ಷದಲ್ಲಿ ಅಲಂಕಾರದ ಸಾಮಗ್ರಿ, ಟೆಂಪೋ ಬಾಡಿಗೆ, ಇಬ್ಬರು ಹುಡುಗರ ಕೂಲಿ ಎಲ್ಲವೂ ಕಳೆಯಬೇಕು. ಆದರೆ ಇಲಾಖೆಯ ಗಣಕಯಂತ್ರಕ್ಕೆ ಕಾಣಿಸುವುದು 31 ಲಕ್ಷ ಮಾತ್ರ. ಸೇವೆ ಒದಗಿಸುವವರಿಗೆ ನೋಂದಣಿಯ ಮಿತಿ 20 ಲಕ್ಷ.

ಇವರ ಪ್ರಕರಣವನ್ನು ನೆಪವಾಗಿಟ್ಟುಕೊಂಡು ನಮ್ಮ ಸದಸ್ಯರ ಮುಂದೆ ಕೆಲವು ವಿಚಾರಗಳನ್ನು ಇಡಲು ಬಯಸುತ್ತೇನೆ. ಹುಟ್ಟುಹಬ್ಬವೆಂದರೆ ಮನೆಯ ಸಂಭ್ರಮ, ವಾಣಿಜ್ಯ ಪತ್ರಿಕೆಯಲ್ಲಿ ಅದಕ್ಕೇನು ಸ್ಥಾನ ಎಂದು ಹಿರಿಯ ಸದಸ್ಯರು ಕೇಳಬಹುದು. ಹತ್ತು ವರ್ಷದ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ.

1970ರ ದಶಕದಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಈ ಬಡಾವಣೆ ರೂಪುಗೊಂಡಾಗ ಇಲ್ಲಿ ಕಾರ್ಖಾನೆಗಳು ಬರುವುವೆಂದು ಎಲ್ಲರೂ ನಿರೀಕ್ಷಿಸಿದ್ದರು. ಕುಟುಂಬಗಳು ಬರುವುವೆಂದು ಬಹುಶಃ ಯಾರೂ ಎಣಿಸಿರಲಿಲ್ಲ. ಇಂದು ನೀಲಾದ್ರಿ ನಗರದಿಂದ ಬೊಮ್ಮಸಂದ್ರದವರೆಗೆ ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ನೆಲೆಸಿರುವವರಲ್ಲಿ ಅನೇಕರು ಬೇರೆ ಊರುಗಳಿಂದ, ಬೇರೆ ರಾಜ್ಯಗಳಿಂದ ಬಂದವರು. ಪತಿ ಪತ್ನಿ ಇಬ್ಬರೂ ನೌಕರಿಯಲ್ಲಿರುತ್ತಾರೆ. ಅಜ್ಜ ಅಜ್ಜಿ, ಸೋದರಮಾವ, ಚಿಕ್ಕಮ್ಮ ಯಾರೂ ಹತ್ತಿರದಲ್ಲಿಲ್ಲ. ಹಿಂದೆ ಬಂಧುಗಳು ಕೂಡಿ ಮಾಡುತ್ತಿದ್ದ ಕೆಲಸವನ್ನು ಈಗ ಹಣ ಕೊಟ್ಟು ಮಾಡಿಸಿಕೊಳ್ಳಬೇಕಾಗಿದೆ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬರುವ ಅತಿಥಿಗಳಲ್ಲಿ ನೆಂಟರಿಗಿಂತ ಸಹೋದ್ಯೋಗಿಗಳೂ ನೆರೆಯ ಫ್ಲ್ಯಾಟಿನವರೂ ಹೆಚ್ಚು. ಇದನ್ನು ಆಡಂಬರವೆಂದು ಮೂದಲಿಸುವವರ ಗುಂಪಿಗೆ ನಾನು ಸೇರಲಾರೆ. ಒಂದು ವರ್ಷದ ಮಗುವಿಗೆ ಬಲೂನಿನ ಕಮಾನು ನೆನಪಿರುವುದಿಲ್ಲವೆಂಬುದು ನಿಜ. ಪರವೂರಿನಲ್ಲಿ ತಮಗೂ ನಾಲ್ಕು ಜನ ಇದ್ದಾರೆಂಬುದನ್ನು ಕಾಣುವ ತಂದೆ ತಾಯಿಗಳಿಗೆ ಅದು ನೆನಪಿರುತ್ತದೆ.

ನಮ್ಮ ತಂದೆಯವರ ತಲೆಮಾರಿನಲ್ಲಿ ಅನೇಕರಿಗೆ ಎರಡು ಜನ್ಮದಿನಗಳಿದ್ದುವು: ಒಂದು ತಿಥಿ ನಕ್ಷತ್ರಗಳ ಪ್ರಕಾರ ಮನೆಯಲ್ಲಿ ಪಾಯಸ ಮಾಡಿ ಆಚರಿಸುವುದು, ಇನ್ನೊಂದು ಶಾಲೆಗೆ ಸೇರಿಸುವಾಗ ಮುಖ್ಯೋಪಾಧ್ಯಾಯರು ವಯಸ್ಸು ಸರಿಹೊಂದುವಂತೆ ಬರೆದುಕೊಂಡದ್ದು. ಎರಡರಲ್ಲಿ ಯಾವುದಕ್ಕೂ ಖರ್ಚಿನ ಪಟ್ಟಿ ಇರಲಿಲ್ಲ. ಖರ್ಚು ಬರುತ್ತಿದ್ದುದು ಅರವತ್ತಕ್ಕೆ. ಸಂವತ್ಸರ ಚಕ್ರ ಒಂದು ಸುತ್ತು ಮುಗಿದು ಹುಟ್ಟಿದ ಸಂವತ್ಸರವೇ ಮತ್ತೆ ಬರುವ ಕಾರಣ ಷಷ್ಟಿಪೂರ್ತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿದವರಿಗೆ ಸಹಸ್ರ ಚಂದ್ರ ದರ್ಶನ. ಇವೂ ಈಗ ನಮ್ಮ ಬಲೂನಿನವರ ಪಟ್ಟಿಯಲ್ಲಿವೆ. ಬೆಳಿಗ್ಗೆ ಪುರೋಹಿತರಿಂದ ಹೋಮ, ಸಂಜೆ ಅದೇ ಸಭಾಂಗಣದಲ್ಲಿ ಕೇಕ್. ಮಕ್ಕಳ ಸಮಾರಂಭಕ್ಕಿಂತ ಹಿರಿಯರ ಸಮಾರಂಭದಲ್ಲಿ ಹಣ ಬೇಗ ಕೈಸೇರುತ್ತದೆಂದು ಅವರು ಹೇಳಿದರು. ಕಾರಣ ಕೇಳಿದೆ. "ಯಜಮಾನರು ಎದುರಿಗೇ ಕೂತಿರ್ತಾರೆ ಸಾರ್, ಮಕ್ಕಳು ಬಾಕಿ ಇಟ್ಟುಕೊಳ್ಳೋಕೆ ನಾಚ್ಕೋತಾರೆ" ಎಂದರು.

ಇನ್ನು ತೆರಿಗೆಯ ವಿಷಯ. ಸಂಭ್ರಮದ ಮೇಲೆ ತೆರಿಗೆ ಹೊಸದೇನಲ್ಲ. 1997ರಲ್ಲಿ ಮಂಟಪ ಒದಗಿಸುವವರ ಮೇಲೆ, 2002ರಲ್ಲಿ ಸಮಾರಂಭ ನಿರ್ವಹಣೆಯ ಮೇಲೆ, 2004ರಲ್ಲಿ ಶಾಮಿಯಾನ ಹಾಕುವವರ ಮೇಲೆ ಸೇವಾ ತೆರಿಗೆ ಬಂದಿತು. 2005ರಿಂದ 2009ರವರೆಗೆ ಜಾರಿಯಲ್ಲಿದ್ದ ಫ್ರಿಂಜ್ ಬೆನಿಫಿಟ್ ತೆರಿಗೆಯ ಕಾಲದಲ್ಲಂತೂ ಕಂಪನಿಗಳು ನೌಕರರಿಗೆ ಕೊಡುವ ಉಡುಗೊರೆಗೂ ಹಬ್ಬದ ಆಚರಣೆಗೂ ಲೆಕ್ಕ ಕೊಡಬೇಕಾಗಿತ್ತು. ತಿಂಗಳಿಗೊಮ್ಮೆ ಕತ್ತರಿಸುವ ಕೇಕನ್ನು ಯಾವ ಶೀರ್ಷಿಕೆಯಡಿ ಬರೆಯಬೇಕೆಂದು ಒಂದು ಕಂಪನಿಯ ಲೆಕ್ಕ ವಿಭಾಗದವರೊಡನೆ ನಾನು ಅರ್ಧ ದಿನ ಚರ್ಚಿಸಿದ್ದುಂಟು. ಆದರೆ ಆಗ ಈ ವ್ಯವಹಾರದ ಬಹುಭಾಗ ನಗದಿನಲ್ಲಿ ನಡೆಯುತ್ತಿದ್ದುದರಿಂದ ಬಲೂನು ಕಟ್ಟುವವರವರೆಗೆ ಯಾರೂ ಬರಲಿಲ್ಲ. ಈಗ ಅವರ ಪ್ರತಿಯೊಂದು ರೂಪಾಯಿಯೂ ಮೊಬೈಲಿನಲ್ಲಿ ಗುರುತು ಬಿಟ್ಟು ಬರುತ್ತದೆ.

ಪ್ಯಾಕೇಜ್ ಎಂಬ ಒಂದು ಪದ ಈ ಉದ್ದಿಮೆಗೆ ಎಷ್ಟು ದುಬಾರಿಯಾಗಿದೆ ಎಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಒಂದು ಸಮಾರಂಭಕ್ಕೆ ಊಟದ ವೆಚ್ಚ 60,000 ರೂಪಾಯಿ, ಅಲಂಕಾರ, ನಿರೂಪಣೆ, ಜಾದೂ ಇತ್ಯಾದಿಗಳಿಗೆ 40,000 ಎಂದಿಟ್ಟುಕೊಳ್ಳೋಣ. ನೋಂದಾಯಿತ ನಿರ್ವಾಹಕರು ಎಲ್ಲವನ್ನೂ ಸೇರಿಸಿ ಒಂದೇ ಮೊತ್ತಕ್ಕೆ ಒಪ್ಪಿಕೊಂಡರೆ ಇಡೀ ಒಂದು ಲಕ್ಷಕ್ಕೆ ಶೇ. 18ರಂತೆ 18,000 ತೆರಿಗೆ ಬೀಳುತ್ತದೆ. ಏಕೆಂದರೆ ಹಲವು ಸರಬರಾಜುಗಳನ್ನು ಒಂದೇ ಬೆಲೆಗೆ ಬೆರೆಸಿದಾಗ ಅವುಗಳಲ್ಲಿ ಅತ್ಯಧಿಕ ದರವೇ ಎಲ್ಲಕ್ಕೂ ಅನ್ವಯಿಸುತ್ತದೆ. ಅದೇ ಊಟದ ಒಪ್ಪಂದವನ್ನು ಆತಿಥೇಯರು ಅಡಿಗೆಯವರೊಡನೆ ನೇರವಾಗಿ ಮಾಡಿಕೊಂಡರೆ ಊಟಕ್ಕೆ ಶೇ. 5ರಂತೆ 3,000, ಉಳಿದದ್ದಕ್ಕೆ 7,200, ಒಟ್ಟು 10,200. ಆತಿಥೇಯರಿಗೆ 7,800 ರೂಪಾಯಿ ಉಳಿತಾಯ. 2025ರ ಸೆಪ್ಟೆಂಬರ್ 22ರಿಂದ ಕೇಕಿನ ಮೇಲಿನ ದರವೂ ಶೇ. 18ರಿಂದ 5ಕ್ಕೆ ಇಳಿದಿರುವುದರಿಂದ ಕೇಕನ್ನು ಪ್ಯಾಕೇಜಿನೊಳಗೆ ಸೇರಿಸುವುದು ಈಗ ಇನ್ನೂ ನಷ್ಟದ ಮಾತು. ಒಂದೇ ಒಪ್ಪಂದವನ್ನು ಕಾಗದದ ಮೇಲೆ ಮಾತ್ರ ತುಂಡರಿಸಿ ತೋರಿಸಬೇಕೆಂದು ನಾನು ಸೂಚಿಸುತ್ತಿಲ್ಲ. ಒಪ್ಪಂದವೂ ಪಾವತಿಯೂ ಹೊಣೆಯೂ ನಿಜವಾಗಿ ಬೇರೆ ಬೇರೆಯಾಗಿರಬೇಕು.

ನನ್ನ ಕಕ್ಷಿದಾರರಿಗೆ ಈ ಸಲಹೆ ಇನ್ನೂ ದೊಡ್ಡ ಪ್ರಯೋಜನದ್ದು. ಅಡಿಗೆ, ಹಾಲ್, ಕೇಕ್‌ಗಳ ಹಣ ಆತಿಥೇಯರಿಂದ ಆಯಾ ಜನರಿಗೆ ನೇರವಾಗಿ ಹೋದರೆ ಇವರ ವಹಿವಾಟು 9 ಲಕ್ಷಕ್ಕೆ ಇಳಿಯುತ್ತದೆ. ನೋಂದಣಿಯ ಅಗತ್ಯವೇ ಇರುವುದಿಲ್ಲ. ಇದನ್ನು ಕೇಳಿ ಅವರು ಸಂತೋಷಪಡುವರೆಂದು ಭಾವಿಸಿದ್ದೆ. ಅವರ ಮುಖ ಬಾಡಿತು. "ಅಡಿಗೆಯವರ ನಂಬರ್ ಒಂದು ಸಲ ಪಾರ್ಟಿಗೆ ಸಿಕ್ಕಿದ್ರೆ ಮುಂದಿನ ವರ್ಷ ನನ್ನನ್ನ ಯಾಕೆ ಕರೀತಾರೆ ಸಾರ್?" ಎಂದರು. ಈ ಪ್ರಶ್ನೆಗೆ ತೆರಿಗೆ ಕಾಯ್ದೆಯಲ್ಲಿ ಉತ್ತರವಿಲ್ಲ. ಯಾರಿಂದ ಏನನ್ನು ಎಷ್ಟಕ್ಕೆ ತರಿಸಬೇಕೆಂಬ ತಿಳಿವಳಿಕೆಯೇ ಅವರ ಬಂಡವಾಳ. ಮಾಮೂಲ್‌ಪೇಟೆಯ ಯಾವ ಸಗಟು ಅಂಗಡಿಯಲ್ಲಿ ಬಲೂನು ಅಗ್ಗ, ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ದರ ಯಾವ ದಿನ ಏರುತ್ತದೆ, ಯಾವ ಜಾದೂಗಾರ ಹೇಳಿದ ಹೊತ್ತಿಗೆ ಬರುತ್ತಾನೆ ಎಂಬುದನ್ನು ಮಾರಿಯೇ ಅವರು ಜೀವಿಸುತ್ತಿದ್ದಾರೆ. ಆ ಗುಟ್ಟನ್ನು ಕಾಯುವುದಕ್ಕಾಗಿ 22 ಲಕ್ಷದಷ್ಟು ಪರರ ಹಣವನ್ನು ತಮ್ಮ ಖಾತೆಯ ಮೂಲಕ ಹಾಯಿಸಿ ತೆರಿಗೆಯ ಹೊಣೆಯನ್ನೂ ತಲೆಗೆ ಕಟ್ಟಿಕೊಂಡಿದ್ದಾರೆ. 31 ಲಕ್ಷವನ್ನು ತೆರಿಗೆ ಸೇರಿದ ಮೊತ್ತವೆಂದು ಪರಿಗಣಿಸಿದರೂ ಶೇ. 18ರ ಲೆಕ್ಕದಲ್ಲಿ ತೆರಿಗೆ ಸುಮಾರು 4.73 ಲಕ್ಷವಾಗುತ್ತದೆ. ಮನೆಗೆ ಒಯ್ಯುವ ಆದಾಯಕ್ಕಿಂತ ಅದು ಹೆಚ್ಚು.

ನೋಟಿಸು ಪಡೆದವರು ನೋಂದಾಯಿಸಿಕೊಂಡರೆ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲವೆಂದು ಅದೇ ತಿಂಗಳಿನಲ್ಲಿ ಮುಖ್ಯಮಂತ್ರಿಗಳು ವರ್ತಕರ ಸಭೆಯಲ್ಲಿ ಆಶ್ವಾಸನೆ ನೀಡಿದುದರಿಂದ ಅನೇಕರು ನಿಟ್ಟುಸಿರು ಬಿಟ್ಟರು. ಆದರೆ ಆ ದಿನಗಳಲ್ಲಿ ಅಂಗಡಿಗಳ ಮುಂದೆ "ನಗದು ಮಾತ್ರ" ಎಂಬ ಚೀಟಿಗಳು ಕಾಣಿಸಿಕೊಂಡುವಲ್ಲ, ಆ ದಾರಿ ನನಗೆ ಒಪ್ಪಿಗೆಯಿಲ್ಲ. ನಗದಿಗೆ ಮರಳಿದವರಿಗೆ ಬ್ಯಾಂಕ್ ಸಾಲ ಹುಟ್ಟುವುದಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ ಆದಾಯ ತೆರಿಗೆ ವಿವರ ಸಲ್ಲಿಸುವ ಸಣ್ಣ ಉದ್ದಿಮೆದಾರರಿಗೆ ನಗದು ವಹಿವಾಟಿನ ಮೇಲೆ ಶೇ. 8, ಬ್ಯಾಂಕಿನ ಮೂಲಕ ಬಂದುದಕ್ಕೆ ಶೇ. 6 ಎಂಬ ರಿಯಾಯಿತಿಯೂ ಕೈಬಿಟ್ಟು ಹೋಗುತ್ತದೆ.

ಪ್ರಾಸಂಗಿಕವಾಗಿ ಆತಿಥೇಯರಿಗೂ ಒಂದು ಮಾತು. ಬಂಧುಗಳಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿಗೆ ಮೀರಿ ಹಣದ ಉಡುಗೊರೆ ಬಂದರೆ ಅದು ಆದಾಯವೆನಿಸುತ್ತದೆ. ಮದುವೆಯ ಉಡುಗೊರೆಗೆ ವಿನಾಯಿತಿಯಿದೆ, ಹುಟ್ಟುಹಬ್ಬಕ್ಕೆ ಇಲ್ಲ. ಮಗುವಿನ ಹೆಸರಿಗೆ ಬಂದ ಲಕೋಟೆಯ ಆದಾಯವನ್ನೂ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಬೇಕು. ಅಷ್ಟು ದೊಡ್ಡ ಲಕೋಟೆ ಕೊಡುವ ಸಹೋದ್ಯೋಗಿಗಳನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಈ ಲೇಖನವನ್ನು ಬರೆಯಲು ನಿಜವಾದ ಕಾರಣ ಮುಂದಿನದು. ಇದು ನಮ್ಮ ಸದಸ್ಯ ಸಂಸ್ಥೆಗಳಿಗೇ ಸಂಬಂಧಿಸಿದ್ದು. ಈ ಭಾಗದ ಹಲವು ಕಂಪನಿಗಳಲ್ಲಿ ಆ ತಿಂಗಳು ಹುಟ್ಟಿದ ನೌಕರರಿಗೆಲ್ಲ ಒಂದೇ ದಿನ ಕೇಕ್, ಅಲಂಕಾರ, ತಿಂಡಿ ಏರ್ಪಡಿಸುವ ಪದ್ಧತಿಯಿದೆ. ಒಳ್ಳೆಯ ಪದ್ಧತಿ. ಆದರೆ ಕೆಲಸ ಮುಗಿದ ಮೇಲೆ ಹಣ ಬರುವುದು ಎಂದು? ನಮ್ಮ ಕಕ್ಷಿದಾರರ ಪುಸ್ತಕದಲ್ಲಿ ಒಂದು ಸಂಸ್ಥೆಯ ಮೂರು ತಿಂಗಳ ಮೊತ್ತ ಹಾಗೆಯೇ ಉಳಿದಿತ್ತು. ಅತ್ತ ಅಡಿಗೆಯವರಿಗೆ ಅಂದಂದೇ ಹಣ ಕೊಡಬೇಕು, ಹುಡುಗರ ಕೂಲಿಯನ್ನು ರಾತ್ರಿಯೇ ಕೊಡಬೇಕು. ನಡುವಿನ ಅಂತರಕ್ಕೆ ಅವರು ಪತ್ನಿಯ ಒಡವೆಯನ್ನು ಗಿರವಿ ಇಟ್ಟಿದ್ದರು. ಕೋಟ್ಯಂತರ ರೂಪಾಯಿಗಳ ವಹಿವಾಟುಳ್ಳ ಸಂಸ್ಥೆಯೊಂದರ ಕೇಕಿನ ಖರ್ಚನ್ನು ಹೆಬ್ಬಗೋಡಿಯ ಗೃಹಿಣಿಯ ಬಳೆಗಳು ಭರಿಸುತ್ತಿದ್ದುವು ಎಂದೇ ಇದರ ಅರ್ಥ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಲ್ಲದೆ 2023ರಲ್ಲಿ ಆದಾಯ ತೆರಿಗೆ ಕಾಯ್ದೆಯ 43ಬಿ ಪ್ರಕರಣಕ್ಕೆ ಮಾಡಿದ ತಿದ್ದುಪಡಿಯಂತೆ, ಈ ಅವಧಿ ಮೀರಿದ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಬಹುದು. 2025ರ ಹೊಸ ಕಾಯ್ದೆಯಲ್ಲಿಯೂ ಈ ನಿಯಮವನ್ನು ಉಳಿಸಿಕೊಳ್ಳಲಾಗಿದೆ. ವರ್ಷಾಂತ್ಯದಲ್ಲಿ ಉಕ್ಕು, ತಾಮ್ರ, ಬಿಡಿಭಾಗಗಳ ಪೂರೈಕೆದಾರರ ಪಟ್ಟಿಯನ್ನು ಶ್ರದ್ಧೆಯಿಂದ ಪರಿಶೀಲಿಸುವ ನಮ್ಮ ಲೆಕ್ಕ ವಿಭಾಗಗಳು ಅಲಂಕಾರದವರನ್ನೂ ತಿಂಡಿಯವರನ್ನೂ "ಇತರೆ ವೆಚ್ಚ" ಎಂಬ ಚೀಲಕ್ಕೆ ತುಂಬಿ ಮರೆತುಬಿಡುತ್ತವೆ. ಇದರಲ್ಲಿ ಲೆಕ್ಕಪರಿಶೋಧಕರಾದ ನಮ್ಮ ಪಾಲೂ ಇದೆಯೆಂದು ಒಪ್ಪಿಕೊಳ್ಳುತ್ತೇನೆ. ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳಿದ್ದರೆ ಸಾಕು. ಕೆಲಸ ಒಪ್ಪಿಕೊಳ್ಳುವ ಮುನ್ನವೇ ಅದನ್ನು ಮಾಡಿಸಿಕೊಂಡು ಬಿಲ್ಲಿನ ಮೇಲೆ ಸಂಖ್ಯೆ ಮುದ್ರಿಸಬೇಕೆಂದು ಈ ವೃತ್ತಿಯವರಿಗೆ ನನ್ನ ಆಗ್ರಹದ ಸಲಹೆ.

ಅನೇಕ ಕಂಪನಿಗಳು ಪೂರೈಕೆದಾರರಿಗೆ ಜಿಎಸ್‌ಟಿ ಸಂಖ್ಯೆ ಕಡ್ಡಾಯವೆನ್ನುತ್ತವೆ. ಊಟ ತಿಂಡಿಯ ಮೇಲಿನ ಹೂಡುವಳಿ ತೆರಿಗೆ ಜಮೆಯು ಕಂಪನಿಗಳಿಗೆ ಸಾಮಾನ್ಯವಾಗಿ ದೊರೆಯುವುದೇ ಇಲ್ಲ. ದೊರೆಯದ ಜಮೆಗಾಗಿ ಸಣ್ಣವರನ್ನು ಬಾಗಿಲಿನಿಂದಲೇ ಹಿಂದಿರುಗಿಸುವುದು ಯಾವ ಲೆಕ್ಕದಲ್ಲಿ ಸರಿ?

ಸುರಕ್ಷತೆಯನ್ನು ಕುರಿತು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 2022ರ ಜುಲೈ 1ರಿಂದ ಬಲೂನಿನ ಪ್ಲಾಸ್ಟಿಕ್ ಕಡ್ಡಿ ಮತ್ತು ಅಲಂಕಾರದ ಥರ್ಮಾಕೋಲ್ ದೇಶಾದ್ಯಂತ ನಿಷೇಧಿತ. ಆದರೂ ಪಾರ್ಟಿ ಹಾಲ್‌ಗಳಲ್ಲಿ ಎರಡನ್ನೂ ಕಾಣುತ್ತೇವೆ. 2024ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರವು ಬಣ್ಣದ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಅದೇ ವರ್ಷ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಅಪಾಯಕಾರಿ ಕೃತಕ ಬಣ್ಣಗಳು ಕಂಡುಬಂದುವು. ಎಲ್ಲಕ್ಕಿಂತ ಭಯದ ಸಂಗತಿ ಹೀಲಿಯಂ ಬದಲು ಜಲಜನಕ ತುಂಬುವ ಚಾಳಿ. ಹೀಲಿಯಂ ಉರಿಯುವುದಿಲ್ಲ, ಆದರೆ ಬಹುತೇಕ ಆಮದಾಗುವ ಕಾರಣ ದುಬಾರಿ. ಜಲಜನಕ ಅಗ್ಗ, ಆದರೆ ಒಂದು ಮೇಣದ ಬತ್ತಿ ಸಾಕು. ದರ ತೀರಾ ಕಡಮೆಯೆನಿಸಿದರೆ ಆತಿಥೇಯರು ಯಾವ ಅನಿಲವೆಂದು ಕೇಳಲೇಬೇಕು.

ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಈ ವೃತ್ತಿಯವರಿಗೆ ಕಡಮೆ ಶುಲ್ಕದ ಸದಸ್ಯತ್ವವೊಂದನ್ನು ತೆರೆಯಬೇಕೆಂದು ನನ್ನ ವಿನಂತಿ. ಮುಂಗಡ ಎಷ್ಟು, ರದ್ದಾದರೆ ಎಷ್ಟು ಮರಳಿಸಬೇಕು, ಅಡಿಗೆಯವರ ಪರಿಚಯಕ್ಕೆ ನಿರ್ವಾಹಕರ ಶುಲ್ಕವೆಷ್ಟು ಎಂಬುದನ್ನೊಳಗೊಂಡ ಎರಡು ಪುಟದ ಮಾದರಿ ಒಪ್ಪಂದವನ್ನು ಕನ್ನಡದಲ್ಲಿ ಸಿದ್ಧಪಡಿಸಿ ಕೊಡಬಹುದು. ಅದನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಪರಿಚಯದ ಶುಲ್ಕ ಕಾಗದದ ಮೇಲೆ ಬಂದರೆ ಅಡಿಗೆಯವರ ದೂರವಾಣಿ ಸಂಖ್ಯೆಯನ್ನು ಬಚ್ಚಿಡುವ ಅಗತ್ಯ ಅಷ್ಟು ಕಡಮೆಯಾದೀತು.

ನನ್ನ ಕಕ್ಷಿದಾರರು ಕೊನೆಗೆ ನೋಂದಣಿ ಮಾಡಿಸಿ, 50 ಲಕ್ಷದವರೆಗಿನ ಸೇವಾದಾರರಿಗಿರುವ ಶೇ. 6ರ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರು. ಮನೆಯ ಸಮಾರಂಭಗಳಲ್ಲಿ ಅಡಿಗೆಯ ಹಣವನ್ನು ನೇರವಾಗಿ ಕೊಡಿಸಲಾರಂಭಿಸಿದ್ದಾರೆ, ಹಾಲ್ ಮತ್ತು ಕೇಕ್‌ನದನ್ನು ಇನ್ನೂ ತಮ್ಮಲ್ಲಿಯೇ ಇಟ್ಟುಕೊಂಡಿದ್ದಾರೆ. ಬಾಕಿ ಉಳಿಸಿಕೊಂಡಿದ್ದ ಆ ಸಂಸ್ಥೆಗೆ ಉದ್ಯಮ್ ಸಂಖ್ಯೆ ನಮೂದಿಸಿ, 45 ದಿನಗಳ ನಿಯಮವನ್ನು ನೆನಪಿಸಿ ಪತ್ರ ಬರೆದುಕೊಟ್ಟೆ. ಎರಡು ತಿಂಗಳ ಹಣ ಬಂದಿದೆ. ಒಂದು ತಿಂಗಳದ್ದು ಬರಬೇಕು.